ಹೋ ಅಕ್ಕನ ಜೇಡ್ ಬಳೆ

ಕೈ ತೊಳೆಯುವುದರಲ್ಲಿ ಹೋ ಅಕ್ಕನದು ಎತ್ತಿದ ಕೈ. ಶಾಮ್ ಶುಯಿ ಪೋ ಬಡಾವಣೆಯ ಆ ವೃದ್ಧಾಶ್ರಮದಲ್ಲಿ ಹನ್ನೊಂದು ವರ್ಷದಿಂದ ಅವಳೇ ಹಿರಿಯ ಆಯಾ. ಮೋಕ್ ಅಜ್ಜನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ದಿನಕ್ಕೆ ನಾಲ್ಕು ಸಲ ಅವನ ಹೊಟ್ಟೆಯ ನಳಿಕೆಯಿಂದ ಹಳೆಯ ನೀರು ಇಳಿಸಿ, ಹೊಸ ಚೀಲದ ಔಷಧಿ ನೀರು ತುಂಬಿಸಬೇಕು. ಈ ಡಯಾಲಿಸಿಸ್ ಕಲಿತವಳು ಅಲ್ಲಿ ಅವಳೊಬ್ಬಳೇ. ಕಿಟಕಿ ಮುಚ್ಚು, ಫ್ಯಾನ್ ಆರಿಸು, ಮಾಸ್ಕ್ ಹಾಕು, ಎರಡು ನಿಮಿಷ ಕೈ ತಿಕ್ಕು; ಒಂದನ್ನೂ ತಪ್ಪಿಸಿದವಳಲ್ಲ. ಇಳಿದ ನೀರಿನ ಚೀಲವನ್ನು ಕುದುರೆ ರೇಸಿನ ಪತ್ರಿಕೆಯ ಮೇಲಿಡುತ್ತಿದ್ದಳು. ಅದರ ಮೂಲಕ ಅಜ್ಜ ಕುದುರೆಗಳ ಹೆಸರು ಓದಿದರೆ ನೀರು ತಿಳಿಯಾಗಿದೆ, ಎಲ್ಲ ಕ್ಷೇಮ ಎಂದರ್ಥ.

ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಒಂದಕ್ಷರವೂ ಕಾಣಲಿಲ್ಲ. ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿತ್ತು. ಹೊಟ್ಟೆಯೊಳಗೆ ಸೋಂಕು! ಅಜ್ಜ ಎರಡು ವಾರ ಆಸ್ಪತ್ರೆಯಲ್ಲಿದ್ದು ಅರ್ಧ ಆಳಾಗಿ ಮರಳಿದ. ಬೆನ್ನಿಗೇ ಆಸ್ಪತ್ರೆಯ ನರ್ಸ್ ಫುಂಗ್ ಬಂದಳು.

"ಇನ್ನೊಂದು ಸಲ ಹೀಗಾದ್ರೆ ನಳಿಕೆ ತೆಗೀಬೇಕಾಗತ್ತೆ. ಆಮೇಲೆ ವಾರಕ್ಕೆ ಮೂರು ದಿನ ಆಸ್ಪತ್ರೆ ಮಿಷನ್ನೇ ಗತಿ. ಅಜ್ಜ ಅದರ ಹತ್ತಿರದ ಬೇರೆ ಆಶ್ರಮಕ್ಕೆ ಹೋಗ್ಬೇಕು," ಎಂದಳು.

"ನಾನೆಲ್ಲೂ ಹೋಗಲ್ಲ," ಎಂದ ಅಜ್ಜ. "ಇಲ್ಲಾದ್ರೆ ಬೈಯೋಕೆ ಗುರುತಿನೋರು ಇದಾರೆ. ಅಲ್ಲಿ ಹೊಸಬರನ್ನ ಹುಡುಕ್ಬೇಕು."

ಹೋ ಅಕ್ಕನಿಗೆ ಕೋಪ ಮೂಗಿನ ತುದಿಗೆ ಬಂತು. "ನನ್ನ ಕೈ ಮೇಲೆ ಅನುಮಾನಾನಾ? ಬೇಕಾದ್ರೆ ನೋಡ್ಕೊಳ್ಳಿ!"

ನರ್ಸ್ ಅವಳ ಕೈಗೆಲ್ಲ ಒಂದು ಮುಲಾಮು ಬಳಿದು, ತೊಳೆಯಲು ಹೇಳಿ, ಪರದೆ ಎಳೆದು ನೀಲಿ ದೀಪ ಹಿಡಿದಳು. ಸರಿಯಾಗಿ ತೊಳೆಯದ ಕಡೆ ಮುಲಾಮು ಹೊಳೆಯುತ್ತದೆ. ಬೆರಳು, ಉಗುರು, ಅಂಗೈ ಎಲ್ಲೂ ಹೊಳಪಿಲ್ಲ. ಹೋ ಅಕ್ಕ ಗೆದ್ದವಳಂತೆ ನಕ್ಕಳು. ದೀಪ ಮಣಿಕಟ್ಟಿಗೆ ಬಂತು. ಅಲ್ಲಿದ್ದ ಹಸಿರು ಜೇಡ್ ಕಲ್ಲಿನ ಬಳೆಯ ಅಡಿಯಲ್ಲಿ ಸುತ್ತಲೂ ಒಂದು ಗೆರೆ ಫಳಫಳ ಹೊಳೆಯಿತು.

ಹತ್ತೊಂಬತ್ತನೇ ವಯಸ್ಸಿನಲ್ಲಿ, ಮದುವೆಯ ಹಿಂದಿನ ದಿನ ಅವಳಮ್ಮ ತೊಡಿಸಿದ ಬಳೆ ಅದು. ತೊಟ್ಟವರಿಗೆ ಬರುವ ಪೆಟ್ಟನ್ನು ತಾನೇ ತಿನ್ನುವ ಕಲ್ಲು ಎಂದು ನಂಬಿ ಮೂವತ್ತೈದು ವರ್ಷ ತೆಗೆದಿರಲಿಲ್ಲ. ಅಯ್ಯೋ, ಹಾಗಾದರೆ ಅಜ್ಜನ ಹೊಟ್ಟೆಗೆ ಸೋಂಕು ಬಿಟ್ಟವಳು ತಾನೇ!

"ಇದು ಕೈಯಲ್ಲಿರೋವರೆಗೂ ನೀವು ನಳಿಕೆ ಮುಟ್ಟೋ ಹಾಗಿಲ್ಲ ಅಕ್ಕ," ಎಂದಳು ನರ್ಸ್ ಮೆಲ್ಲಗೆ. "ಬೇರೆಯವರು ಕಲಿಯೋ ತನಕ ಅಜ್ಜ ಆಸ್ಪತ್ರೇಲೇ ಇರ್ಲಿ."

"ಅಡುಗೆಮನೆ ಸುತ್ತಿಗೆ ತರ್ತೀನಿ," ಎಂದಳು ಹೋ ಅಕ್ಕ. "ಒಡೆದುಬಿಡಿ."

"ಏಯ್! ಯಾವಳೇ ಅವಳು ಜೇಡ್ ಒಡೆಯೋಳು?" ಅಜ್ಜ ಹಾಸಿಗೆಯಲ್ಲೇ ಗುಡುಗಿದ. "ನಲವತ್ತು ವರ್ಷ ಬಳೆ ಮಾರಿದೋನ ಕಣ್ಣೆದುರಿಗೆ ಸುತ್ತಿಗೆನಾ? ಬಾ ಇಲ್ಲಿ. ಕೈ ಮೇಲೆತ್ಕೊಂಡು ಕೂತ್ಕೊ."

"ಬಳೆ ಬರಲ್ಲ ಅಜ್ಜ. ಮದುವೆ ಆದ್ಮೇಲೆ ಕೈ ದಪ್ಪ ಆಗಿದೆ."

"ಕೈ ಒಂದೇನಾ?"

ಬೆಳಗಿನ ಔಷಧಿ ಚೀಲದ ತೆಳು ಪ್ಲಾಸ್ಟಿಕ್ ಹೊದಿಕೆಯನ್ನು ಅಜ್ಜ ಬೇಡಿ ಪಡೆದ. ಅದನ್ನು ಅವಳ ಅಂಗೈಗೆ ಸುತ್ತಿ, ಅಂಚನ್ನು ಬಳೆಯೊಳಗೆ ತೂರಿಸಿ, ಮೇಲೆ ಸೋಪು ನೀರು ಸವರಿದ. ಹೆಬ್ಬೆರಳಿನ ಬುಡವನ್ನು ಒಳಗೆ ಒತ್ತಿದ. ಚಮಚ ಹಿಡಿದರೆ ನಡುಗುತ್ತಿದ್ದ ಅಜ್ಜನ ಕೈ ಈಗ ನಡುಗಲೇ ಇಲ್ಲ. "ಉಸಿರು ಬಿಡು," ಎಂದ. ಬಳೆ ಸರ್ರನೆ ಜಾರಿ ಅವನ ಅಂಗೈಗೆ ಬಂತು.

ಬರಿದಾದ ಮಣಿಕಟ್ಟನ್ನು ನೋಡಿ ಹೋ ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. "ಅಮ್ಮನ ಕೈ ಬಿಟ್ಟ ಹಾಗಾಯ್ತು ಅಜ್ಜ."

ಅಜ್ಜ ಬಳೆಯನ್ನು ಬೆಳಕಿಗೆ ಹಿಡಿದ. "ಒಳ್ಳೆ ಕಲ್ಲು. ನಿಮ್ಮಮ್ಮಂಗೆ ಯಾರೂ ಟೋಪಿ ಹಾಕಿಲ್ಲ." ಕೆಂಪು ದಾರದಲ್ಲಿ ಅದನ್ನು ಮಂಚದ ಕಂಬಿಗೆ ಕಟ್ಟಿದ. "ಇನ್ಮೇಲೆ ನನ್ನ ಪೆಟ್ಟು ತಿನ್ಲಿ. ನಾನು ಸತ್ತ ದಿನ ನಿಂಗೆ ವಾಪಸ್ಸು."

ನರ್ಸ್ ಮತ್ತೆ ಮುಲಾಮು ಬಳಿದು ನೋಡಿದಳು. ಈ ಸಲ ಮೊಣಕೈವರೆಗೂ ಹೊಳಪಿರಲಿಲ್ಲ. "ನಾಲ್ಕು ಗಂಟೆ ಚೀಲ ನೀವೇ ಹಾಕಿ ಅಕ್ಕ," ಎಂದಳು.

ಮೂರು ತಿಂಗಳಾಯಿತು. ಹೋ ಅಕ್ಕ ಈಗ ಇನ್ನಿಬ್ಬರು ಆಯಾಗಳಿಗೂ ಕಲಿಸುತ್ತಿದ್ದಾಳೆ. "ಮೊದಲು ಮಣಿಕಟ್ಟು ತೋರ್ಸಿ," ಎಂಬುದೇ ಅವಳ ಮೊದಲ ಪಾಠ. ನಿನ್ನೆ ಅವರೆದುರಿಗೆ ಚೀಲವನ್ನು ಪತ್ರಿಕೆಯ ಮೇಲಿಟ್ಟಳು. ಅಜ್ಜ ಬಗ್ಗಿ, ಕುದುರೆಗಳ ಹೆಸರು ಮುಗಿಸಿ, ಕೆಳಗಿನ ಸಣ್ಣ ಅಕ್ಷರಗಳನ್ನೂ ಗಟ್ಟಿಯಾಗಿ ಓದಿದ.

"ಹಾಗಾದ್ರೆ ಆ ಬಳೆ ನಂಗೆ ಸದ್ಯಕ್ಕಂತೂ ಸಿಗಲ್ಲ ಬಿಡಿ," ಎಂದು ಹೋ ಅಕ್ಕ ನಗುತ್ತ ಕೈ ತೊಳೆಯಲು ಹೋದಳು.