ಇಳಿಯದ ಗಾಜು

ಚೌಕಟ್ಟಿಲ್ಲದ ಕಿಟಕಿಯ ಕಾರು ಕೊಳ್ಳಬೇಡ ಎಂದು ಅಳಿಯನಿಗೆ ಬಾಯಿ ನೋಯುವಷ್ಟು ಹೇಳಿದ್ದೆ. ಇಪ್ಪತ್ತಾರು ವರ್ಷದಿಂದ ಕಾರುಗಳಿಗೆ ಗಾಜು ಕೂರಿಸುವವಳು ನಾನು. ನನ್ನ ಮಾತು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? "ನೋಡೋಕೆ ಎಷ್ಟು ಚೆಂದ ಇದೆ ಅತ್ತೆ" ಅಂದ. ಚೆಂದಕ್ಕೇನೂ ಕಮ್ಮಿ ಇರಲಿಲ್ಲ, ಬಿಡಿ.

ಅಂಥ ಬಾಗಿಲಲ್ಲಿ ಗಾಜಿನ ಮೇಲಂಚು ನೇರವಾಗಿ ಛಾವಣಿಯ ರಬ್ಬರಿನೊಳಗೆ ಹೋಗಿ ಕೂರುತ್ತದೆ. ಹಿಡಿಕೆ ಎಳೆದಾಗ ಮೋಟರು ಗಾಜನ್ನು ಬೆರಳಗಲ ಕೆಳಗಿಳಿಸುತ್ತದೆ, ಆಮೇಲೆ ಬಾಗಿಲು ತೆರೆಯಬೇಕು. ಮುಚ್ಚಿದ ಮೇಲೆ ಗಾಜು ಮತ್ತೆ ಏರುತ್ತದೆ. ಬ್ಯಾಟರಿ ಸತ್ತರೆ ಗಾಜು ಇಳಿಯುವುದಿಲ್ಲ, ಏರುವುದೂ ಇಲ್ಲ. ಜೊತೆಗೆ ಚಳಿಗೆ ಹೆಪ್ಪುಗಟ್ಟಿದರೆ ಕೇಳುವುದೇ ಬೇಡ.

ನಮ್ಮ ಬ್ಯಾಟರಿ ಸತ್ತಿದ್ದು ಬೆಳಿಗ್ಗೆ ಹನ್ನೊಂದಕ್ಕೆ, ಗುಡ್ಡದ ರಸ್ತೆಯಲ್ಲಿ, ಹಿಮದ ನಡುವೆ. ನಾಲ್ಕು ತಿಂಗಳ ಮೊಮ್ಮಗಳಿಗೆ ಎರಡು ದಿನದಿಂದ ಎದೆ ಕಟ್ಟಿತ್ತು, ಉಸಿರಾಡಿದಾಗಲೆಲ್ಲ ಗೊರಗೊರ ಸದ್ದು. ನನ್ನ ಮಗಳು ಪಟ್ಟಣದ ಆಸ್ಪತ್ರೆಯಲ್ಲಿ ನರ್ಸು. ಪಾಳಿಗೆ ಹೋದವಳು ಅಲ್ಲಿಂದಲೇ ಫೋನ್ ಮಾಡಿ, "ಈಗಲೇ ಕರ್ಕೊಂಡು ಬನ್ನಿ, ತಡ ಮಾಡ್ಬೇಡಿ" ಅಂದಿದ್ದಳು. ಆ ದನಿ ಕೇಳಿದ್ದೇ ಮಗುವನ್ನು ಎತ್ತಿಕೊಂಡು ಅಳಿಯನೂ ನಾನೂ ಹೊರಟಿದ್ದೆವು.

ದಾರಿಗೆ ಅಡ್ಡ ಹಿಮದ ಗುಡ್ಡೆ ಬಿದ್ದಿತ್ತು. ಹಿಂದಕ್ಕೆ ತಿರುಗಿಸಲು ಜಾಗವಿಲ್ಲ. ಗುಡ್ಡೆ ತೆಗೆಯುವವರು ಬರುವವರೆಗೆ ಪೆಟ್ರೋಲ್ ಉಳಿಸೋಣ ಎಂದು ಅಳಿಯ ಎಂಜಿನ್ ಆರಿಸಿ, ಸೀಟು ಬಿಸಿ ಮಾಡುವ ಗುಂಡಿ ಮಾತ್ರ ಒತ್ತಿಟ್ಟ. ಅವನ ಪಕ್ಕದ ಸೀಟಿನಲ್ಲಿದ್ದ ನಾನು ಮಗುವನ್ನು ತೊಡೆಗೆ ಎತ್ತಿಕೊಂಡೆ. ಮುಕ್ಕಾಲು ಗಂಟೆ ಕಳೆದು ಎಂಜಿನ್ ಗುಂಡಿ ಒತ್ತಿದರೆ ಟಿಕ್ ಅನ್ನಲೂ ಇಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ.

"ಒಂದು ಮೈಲಿ ಹಿಂದೆ ಹಿಮ ತೆಗೆಯೋರ ಚೌಕಿ ಇತ್ತಲ್ಲ, ಹೊಗೆ ಏಳ್ತಿತ್ತು. ಓಡ್ತೀನಿ" ಎಂದು ಬಾಗಿಲಿಗೆ ಕೈ ಹಾಕಿದ.

"ಮುಟ್ಬೇಡ!"

ನಾನು ಕಿರುಚಿದ ರಭಸಕ್ಕೆ ಮಗು ಬೆಚ್ಚಿಬಿತ್ತು. ಯಾವಾಗಲೂ ಅವನನ್ನು 'ಅಳಿಯಂದ್ರೇ, ನೀವು' ಎಂದು ಕಿಚಾಯಿಸುತ್ತಿದ್ದವಳು ಏಕವಚನಕ್ಕೆ ಇಳಿದಿದ್ದೆ. ಒಳಹಿಡಿಕೆ ಉಕ್ಕಿನ ತಂತಿಯಿಂದ ಚಿಲಕ ಎಳೆಯುವಂಥದ್ದು, ಕರೆಂಟಿಲ್ಲದಿದ್ದರೂ ಬಾಗಿಲು ಬಿಚ್ಚಿಕೊಳ್ಳುತ್ತದೆ. ಆದರೆ ಇಳಿಯದ ಗಾಜು ರಬ್ಬರಿಗೆ ಸಿಕ್ಕಿ ಒಡೆದರೆ, ಹೊರಗಿನ ಹಿಮಗಾಳಿಯಲ್ಲಿ ಮಗುವಿನ ಈ ಎದೆ ಎಷ್ಟು ಹೊತ್ತು ತಡೆದೀತು?

"ಅಷ್ಟು ಸುಲಭಕ್ಕೆ ಒಡೆಯುತ್ತಾ ಅತ್ತೆ? ನಿಧಾನವಾಗಿ ತೆಗೆದ್ರೆ ಬರುತ್ತೆ ಅಂತ ನೀವೇ ಹೇಳಿದ್ರಲ್ಲ?"

ಹೇಳಿದ್ದೆ, ನಿಜ. ಬೇರೆಯವರು ಕೂರಿಸಿದ ಗಾಜಾಗಿದ್ದರೆ ಬರುತ್ತಿತ್ತು. ಹೋದ ತಿಂಗಳು ಅವನು, ಕಿಟಕಿಯಲ್ಲಿ ಗಾಳಿ ಶಿಳ್ಳೆ ಹೊಡೆಯುತ್ತೆ, ಮಗುವಿಗೆ ಥಂಡಿ ಅಂದಿದ್ದ. ನಾನು ಎರಡೂ ಬಾಗಿಲಿನ ಗಾಜನ್ನು ಎರಡು ಮಿಲಿಮೀಟರ್ ಮೇಲೆ ಕೂರಿಸಿ, ರಬ್ಬರಿನೊಳಗೆ ಬಿಗಿಯಾಗಿ ತುರುಕಿಟ್ಟೆ. ಹಾಗೆ ಮಾಡಬಾರದು ಎಂದು ಕೈಪಿಡಿಯಲ್ಲೇ ಇದೆ. ಬರೆದವನಿಗಿಂತ ನನಗೆ ಹೆಚ್ಚು ಗೊತ್ತು ಅನ್ನುವ ಕೊಬ್ಬು ನನಗೆ. ಶಿಳ್ಳೆ ನಿಂತ ದಿನ ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಹೇಳಿಕೊಂಡು ಮೆರೆದಿದ್ದೆ.

ಅವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಹಿಡಿಕೆಯಿಂದ ಕೈ ತೆಗೆದ.

"ಬೈಯೋದಿದ್ರೆ ಆಮೇಲೆ ಬೈತೀನಿ. ಈಗ ಏನು ಮಾಡ್ಬೇಕು ಹೇಳಿ."

ಪರ್ಸಿನಿಂದ ಪ್ಲಾಸ್ಟಿಕ್ ಕಾರ್ಡು ತೆಗೆಸಿದೆ. ಮಗುವನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಅವನತ್ತ ಬಗ್ಗಿ, ಗಾಜಿಗೂ ರಬ್ಬರಿಗೂ ನಡುವೆ ಅದನ್ನು ತೂರಿಸಿ ಅಂಚಿನುದ್ದಕ್ಕೂ ಎಳೆದೆ. ಹೆಪ್ಪುಗಟ್ಟಿದ ನೀರು ಪುಡಿಪುಡಿಯಾಗಿ ಉದುರಿತು. ಎರಡೂ ಅಂಗೈ ಗಾಜಿಗೆ ಒತ್ತಿ ಕೆಳಕ್ಕೆ ಜಗ್ಗಿದೆ. "ಈಗ. ಮೆತ್ತಗೆ, ಮೆತ್ತಗೆ" ಅಂದೆ. ಬಾಗಿಲು ಕೂದಲೆಳೆಯಷ್ಟು ಸರಿಯಿತು. ಗಾಜು ಬಾಗಿದ್ದು ಅಂಗೈಗೆ ಗೊತ್ತಾಯಿತು. ಕಿರ್ರ್ ಎಂದು ರಬ್ಬರು ಬಿಟ್ಟಿತು, ಗಾಜು ಉಳಿಯಿತು!

ಅವನು ಹೊರಗೆ ಹಾರಿದ. ಇನ್ನು ಮುಚ್ಚಬೇಕು, ಅದೇ ಹೆಚ್ಚು ಕಷ್ಟದ್ದು. ನಾನು ಒಳಗಿನಿಂದ ಕಾರ್ಡಿನಲ್ಲಿ ರಬ್ಬರಿನ ತುಟಿ ಎತ್ತಿ ಹಿಡಿದೆ. ಅವನು ಗುಲಗಂಜಿಯಷ್ಟು ಗುಲಗಂಜಿಯಷ್ಟೇ ತಳ್ಳಿದ. ಮುಕ್ಕಾಲು ಅಂಚು ಒಳಗೆ ಹೋಯಿತು. ಮೂಲೆಯೊಂದು ಬಾಕಿ. ನನ್ನ ಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲ, ಕಾರ್ಡು ಜಾರಿತು.

ಫಟ್ ಅಂತು. ಇಡೀ ಗಾಜು ಕಲ್ಲುಸಕ್ಕರೆಯ ಹಾಗೆ ಚೂರುಚೂರಾಗಿ ಸೀಟಿನ ಮೇಲೆ ಸುರಿಯಿತು.

ಅವನು ಹೊರಗೆ ಕಲ್ಲಿನಂತೆ ನಿಂತುಬಿಟ್ಟ. "ಓಡೋ! ನನ್ನ ಮುಖ ಏನು ನೋಡ್ತೀಯಾ, ಓಡು!" ಅಂದೆ. ಓಡಿದ.

ಮಗುವನ್ನು ಹಿಂದಿನ ಸೀಟಿನಿಂದ ಎತ್ತಿ ನನ್ನ ಕೋಟಿನೊಳಗೆ, ಎದೆಗೆ ಹಾಕಿ ಗುಂಡಿ ಬಿಗಿದೆ. ಕಾಲಡಿಯ ಮ್ಯಾಟು ಕಿತ್ತು ಕಿಟಕಿಗೆ ಅಡ್ಡ ಹಿಡಿದರೆ ಗಾಳಿ ಅದನ್ನು ಒಳಕ್ಕೆ ನೂಕಿತು. ಗೇರಿನ ಮೇಲಿಂದ ದಾಟಿ ಅವನ ಸೀಟಿಗೆ ಬಂದು, ಗಾಜಿನ ಚೂರಿನ ಮೇಲೆಯೇ ಕೂತು, ಮ್ಯಾಟಿಗೆ ಬೆನ್ನು ಕೊಟ್ಟೆ. ಬೆನ್ನು ಮೊದಲು ಉರಿಯಿತು, ಆಮೇಲೆ ನನ್ನದೇ ಅಲ್ಲ ಅನ್ನಿಸಿತು. ಗೊರಗೊರ ಸದ್ದು ಎದೆಗೆ ತಾಗುತ್ತಿತ್ತು. ಅದನ್ನೇ ಎಣಿಸುತ್ತಾ ಕೂತೆ. ನಾನೂರು ದಾಟಿದ ಮೇಲೆ ಲೆಕ್ಕ ತಪ್ಪಿತು.

ಆಮೇಲೆ ಸದ್ದೇ ಇಲ್ಲ.

ಗಾಳಿಯ ಆರ್ಭಟಕ್ಕೆ ಕೇಳಿಸುತ್ತಿಲ್ಲ ಅಂದುಕೊಂಡೆ. ನನ್ನ ಎದೆಗೇ ಸ್ಪರ್ಶ ಸತ್ತಿದೆ ಅಂದುಕೊಂಡೆ. ಗುಂಡಿ ಬಿಚ್ಚಿದರೆ ಗಾಳಿ ನುಗ್ಗುತ್ತದೆ ಎಂದು ಬಿಚ್ಚಲಿಲ್ಲ. ಸುಳ್ಳು ಯಾಕೆ ಹೇಳಲಿ, ನೋಡಲು ಹೆದರಿಕೆಯಾಗಿ ಬಿಚ್ಚಲಿಲ್ಲ. ಮಗಳಿಗೆ ಏನು ಹೇಳಲಿ? ಶಿಳ್ಳೆ ನಿಲ್ಲಿಸೋಕೆ ಹೋಗಿದ್ದೆ ಕಣೇ ಅನ್ನಲೇ?

ಎಷ್ಟು ಹೊತ್ತಾಯಿತೋ, ಟ್ರಕ್ಕಿನ ಸದ್ದು ಕೇಳಿಸಿತು. ನಾನು ಈ ಬಾಗಿಲಿಗೆ ಒರಗಿದ್ದರಿಂದ ಆ ಕಡೆಯ ಗಾಜನ್ನು ಯಾರೋ ಸುತ್ತಿಗೆಯಿಂದ ಒಡೆದರು, ಇನ್ನು ಅದನ್ನು ಉಳಿಸುವ ಮಾತೆಲ್ಲಿ. ಅಳಿಯ ಒಳಗೆ ತೂರಿಕೊಂಡು ಬಂದ.

"ಮಗು?"

ನನ್ನ ತೋಳು ಮರಗಟ್ಟಿತ್ತು, ಬಿಚ್ಚಲು ಬರಲಿಲ್ಲ. "ನೀನೇ ನೋಡಪ್ಪ. ನನಗೆ ಧೈರ್ಯ ಇಲ್ಲ" ಅಂದೆ.

ಅವನು ಕೈಗವಸು ಕಿತ್ತು, ಒಂದು ಗುಂಡಿ ತೆಗೆದು ಕೈಯನ್ನು ಒಳಗಿಟ್ಟ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಆ ಮುಖದಲ್ಲಿ ಏನೂ ತಿಳಿಯಲಿಲ್ಲ.

ಹಿಮದಂಥ ಅವನ ಕೈ ತಾಗಿದ್ದೇ ತಡ, ಕೋಟಿನೊಳಗಿಂದ ಸಿಟ್ಟಿನ ಚೀರಾಟ ಎದ್ದಿತು.

"ಅಳು ಕಂದಾ" ಅಂದೆ. "ಗಂಟಲು ಹರಿಯೋ ಹಾಗೆ ಅಳು."