ಹೊನ್ನಜ್ಜಿಯ ಮಚ್ಚು ಹಿಡಿದ ಕೈ

ನಾನು ಒಂದು ಗೊಂಬೆ. ಮಕ್ಕಳಾಡುವ ಗೊಂಬೆಯಲ್ಲ, ಸೀರೆ ಅಂಗಡಿಯ ಬಾಗಿಲಲ್ಲಿ ನಿಲ್ಲುವ ಗೊಂಬೆ. ಅಚ್ಚಿನಲ್ಲಿ ಫೈಬರ್ ಹಾಕಿ ನನ್ನನ್ನು ಹೆತ್ತರು. ಅದೇ ದಿನ, ಅದೇ ಮೂಗಿನ ಅಕ್ಕತಂಗಿಯರು ಲಾರಿ ತುಂಬ ಹುಟ್ಟಿದರು. ಬಿಳಿ ಮೈ, ಕೆಂಪು ತುಟಿ, ಅಳಿಸಲಾಗದ ಮಂದಹಾಸ. ಈ ಮಂದಹಾಸವೇ ನನಗೆ ಶಾಪವಾಯಿತು. ಮೈಯೆಲ್ಲ ಸಿಟ್ಟು ತುಂಬಿದಾಗಲೂ ಮುಖ ನಗುತ್ತಲೇ ಇರುತ್ತದೆ. ಈಗಲೂ ನಗುತ್ತಿದ್ದೇನೆ, ನಂಬಬೇಡಿ.

ದಾವಣಗೆರೆಯ ಒಂದು ಸೀರೆ ಅಂಗಡಿ ನನ್ನ ತವರು. ಎದುರಿಗೇ ಕಾಲೇಜು. ಮೇಷ್ಟ್ರ ಪಾಠ ರಸ್ತೆ ದಾಟಿ ಬಂದು ನನ್ನ ಕಿವಿಗೆ ಬೀಳುತ್ತಿತ್ತು. ನಿಂತಲ್ಲೇ ಬಿ.ಎ. ಮುಗಿಸಿದೆ. ನನ್ನಷ್ಟು ಹಾಜರಾತಿ ಆ ಕಾಲೇಜಿನಲ್ಲಿ ಯಾರಿಗೂ ಇರಲಿಲ್ಲ, ಮೇಷ್ಟ್ರುಗಳಿಗೂ. ಬಾಯಿ ತೆರೆಯಲಾಗದವಳಿಗೆ ಉಳಿದದ್ದು ಒಂದೇ ಮೋಜು: ಬಂದವರ ದನಿಯನ್ನು ಒಳಗೊಳಗೇ ಅಣಕಿಸುವುದು. "ಕಮ್ಮೀದು ತೋರ್ಸಪ್ಪಾ, ಆದ್ರೆ ಕಮ್ಮೀದು ಅಂತ ಕಾಣ್ಬಾರ್ದು" ಎನ್ನುವ ಬೀಗಿತ್ತಿಯರನ್ನು ನಾನು ಕೆಮ್ಮಿನ ಸಮೇತ ಮಾಡಿ ತೋರಿಸಬಲ್ಲೆ.

ನನಗೆ ಸೀರೆ ಉಡಿಸುತ್ತಿದ್ದವನು ಮಕ್ಬೂಲ್. ನನ್ನಂಥವರ ಮುಂಗೈ ಮೈಗೆ ಅಂಟಿರುವುದಿಲ್ಲ. ರವಿಕೆಯ ತೋಳು ತೂರಿಸಲೆಂದು ಮಣಿಕಟ್ಟಿನಲ್ಲಿ ಒಂದು ತಿರುಪು ಇರುತ್ತದೆ. "ಕೈ ಕೊಡವ್ವಾ" ಎಂದು ಅವನು ಎಡಕ್ಕೆ ತಿರುಗಿಸಿದರೆ ಕಟಕ್ಕೆಂದು ಕಳಚಿಕೊಳ್ಳುತ್ತಿತ್ತು. ದಿನವೂ ಕೈ ಕೊಟ್ಟರೂ ನನ್ನನ್ನು ನಂಬಿದವನು ಅವನೊಬ್ಬನೇ.

ಅಂಗಡಿಗೆ ಹೊಸ ಗೊಂಬೆಗಳು ಬಂದವು. ನಾನು ತಾಲ್ಲೂಕು ಕೇಂದ್ರವೊಂದರ ಇತಿಹಾಸ ಸಮಿತಿಯ ಪಾಲಾದೆ. ಯಾರೂ ಬರೆಯದ ಸಮುದಾಯಗಳ ಕಥೆ ಹೇಳಲೆಂದು ಆ ಸಮಿತಿಗೆ ಅನುದಾನ ಬಂದಿತ್ತು. ಅದರಲ್ಲಿ ಎದ್ದದ್ದು 'ದನಿಯಿಲ್ಲದವರ ಭವನ'. ದನಿಯಿಲ್ಲದವರೇ ಬೇಕೆಂದರೆ ನನಗಿಂತ ತಕ್ಕವರು ಯಾರು? ಊರಿನ ಮೇದರ ಕೇರಿ ಭವನದ ಹಿಂದಿನ ಬಾಗಿಲಿಗೆ ಕೂಗಳತೆ. ಅಲ್ಲಿ ಬಾಯಿರುವ ಹೆಂಗಸರು ಬುಟ್ಟಿ ಹೆಣೆಯುತ್ತ ಕುಳಿತಿರುವಾಗ, ಬೊಂಬಿನವರ ಕಥೆ ಹೇಳಲು ಬೊಂಬೆಯನ್ನು ತಂದರು.

ಮೈಗೆ ಕಂದು ಬಣ್ಣ ಬಳಿದರು. "ಇನ್ನೂ ಒಂದು ಕೋಟು ಹೊಡಿ, ಬಡವರ ಥರ ಕಾಣ್ಬೇಕು" ಎಂದದ್ದು ಸಮಿತಿಯ ಅಧ್ಯಕ್ಷ ಪಾಲಾಕ್ಷಪ್ಪ. ತುಟಿಯ ಕೆಂಪು ಬಣ್ಣ ಅಳಿಸುವುದನ್ನು ಮರೆತರು. ಬಲಗೈಯಲ್ಲಿ ಹಳೆಯದೊಂದು ಮಚ್ಚು ಇಟ್ಟು, ಕಳ್ಳತನವಾದೀತೆಂದು ಗಟ್ಟಿ ಗೋಂದು ಹಾಕಿ ಅಂಟಿಸಿದರು. ಕಾಲ ಬಳಿ ಒಂದು ಫಲಕ: 'ಬುಟ್ಟಿ ಹೆಣೆಯುವ ಮಹಿಳೆ'. ಯಾವ ಮಹಿಳೆ? ಹೆಸರು ಬೇಡವೇ?

ಉದ್ಘಾಟನೆಯ ದಿನ ಪಾಲಾಕ್ಷಪ್ಪ ಮೈಕು ಹಿಡಿದ. "ಆತ್ಮೀಯರೇ, ಹೇಳೋದೇನಪ್ಪಾ ಅಂದ್ರೆ, ಶೋಷಿತರ ಇತಿಹಾಸ ಅಂದ್ರೆ ನಮ್ಮೆಲ್ಲರ ಇತಿಹಾಸ. ಹೇಳೋದೇನಪ್ಪಾ ಅಂದ್ರೆ..." ಅವನು ಮುಗಿಸುವ ಹೊತ್ತಿಗೆ ಆ ದನಿ ನನಗೆ ಪೂರ್ತಿ ಕೈವಶವಾಗಿತ್ತು. ಹೇಳಿದ್ದೇನಪ್ಪಾ ಅಂದ್ರೆ, ಏನೂ ಇಲ್ಲ.

ಜನ ಊಟಕ್ಕೆ ಚದುರಿದ ಮೇಲೆ ಮೇದರ ಕೇರಿಯ ಕೆಂಚಮ್ಮ ನನ್ನ ಮುಂದೆ ಬಂದು ನಿಂತಳು. ಮಚ್ಚು ನೋಡಿದಳು, ಫಲಕವನ್ನು ಓದಿಸಿಕೊಂಡಳು, ಪಾಲಾಕ್ಷಪ್ಪನತ್ತ ತಿರುಗಿದಳು.

"ಸಾರ್, ನಮ್ಮ ಹೊನ್ನಜ್ಜಿ ಹೆಸ್ರು ಎಲ್ಲೈತಿ?"

ಅವರಿಬ್ಬರ ಮಾತಿನಿಂದ ನನಗೆ ವಿಷಯ ತಿಳಿಯಿತು. ಕೆರೆಯ ಏರಿ ಬಿರುಕು ಬಿಟ್ಟ ವರ್ಷ, ಕೆಂಚಮ್ಮನ ಅಜ್ಜಿ ಹೊನ್ನಜ್ಜಿ ಇದೇ ಮಚ್ಚಿನಿಂದ ತನ್ನ ಮನೆಯ ಸೂರಿನ ಬಿದಿರನ್ನೇ ಕಡಿದು ಸೀಳಿದಳಂತೆ. ಕೇರಿಯವರೆಲ್ಲ ಕೂತು ಮಂಕರಿ ಹೆಣೆದು, ಕಲ್ಲುಮಣ್ಣು ತುಂಬಿ ಏರಿಗೆ ಇಳಿಸಿದರಂತೆ. ಊರು ಉಳಿಯಿತು, ಅವಳ ಮನೆ ಬಯಲಾಯಿತು. ಏರಿಯ ಮೇಲಿನ ಕಲ್ಲಿನಲ್ಲಿ ಮಾತ್ರ ಊರಗೌಡರ ಹೆಸರು ಕೆತ್ತಿದ್ದಾರೆ. ಅನುದಾನ ಕೊಡುವವರು ಬಂದಾಗ ಪಾಲಾಕ್ಷಪ್ಪ ಕೆಂಚಮ್ಮನನ್ನು ಕೂರಿಸಿ ಈ ಕತೆ ಹೇಳಿಸಿದ್ದ. ಅವರು ಕಣ್ಣೊರೆಸಿಕೊಂಡು ಮಂಜೂರು ಮಾಡಿದ್ದರು. ಅಜ್ಜಿಯ ಹೆಸರು ಹಾಕಿಸುತ್ತೇನೆಂದು ಮಚ್ಚನ್ನೂ ಇಸಿದುಕೊಂಡಿದ್ದ.

"ಹಾಕ್ಸೋಣ ತಾಯಿ. ಮುಂದಿನ ಕಂತು ಬರ್ಲಿ."

ಅಜ್ಜಿಯ ಹೆಸರಿನಲ್ಲಿ ಇರುವುದು ಮೂರಕ್ಷರ. ಅದಕ್ಕೆ ಕಂತು ಬೇಕೇ? ನನ್ನ ಮುಖದ ಮೇಲಿನ ನಗುವನ್ನು ಕಿತ್ತು ಅವನ ಮುಖಕ್ಕೆ ಎಸೆಯಬೇಕೆನಿಸಿತು.

ಆಯುಧಪೂಜೆ ಬಂತು. ಪಾಲಾಕ್ಷಪ್ಪನ ಕಾರಿಗೆ ಬಾಳೆಕಂದು ಕಟ್ಟಿದರು, ಭವನದ ಕಂಪ್ಯೂಟರು, ಪ್ರೊಜೆಕ್ಟರುಗಳಿಗೆ ಕುಂಕುಮ ಇಟ್ಟರು. ಅಷ್ಟರಲ್ಲಿ ಕೆಂಚಮ್ಮ ಒಬ್ಬಳೇ ಬಂದಳು.

"ಸಾರ್, ಮಚ್ಚು ಕೊಡ್ರಿ. ಪೂಜೆ ಮಾಡ್ಕಂಡು ನಾಳೆ ತಂದಿಡ್ತೀನಿ. ಹೊನ್ನಜ್ಜಿ ಮಚ್ಚಿಗೆ ಪೂಜೆ ಆಗ್ದೆ ನಮ್ಮ ಕೇರ್ಯಾಗೆ ಯಾರೂ ಹೊಸ ಬಿದ್ರು ಸೀಳಲ್ಲ."

"ಹೇಳೋದೇನಪ್ಪಾ ಅಂದ್ರೆ ಕೆಂಚಮ್ಮಾ, ಅದೀಗ ಭವನದ ಆಸ್ತಿ. ಹೊರಗೆ ಕೊಡಂಗಿಲ್ಲ."

"ಭವನಾನೇ ಆ ಮಚ್ಚಿನಿಂದ ಬಂತಲ್ರೀ!"

"ಅದಕ್ಕೂ ಇಲ್ಲೇ ಒಂದು ಬೊಟ್ಟು ಇಡ್ತೀವಿ ಬಿಡು. ನೋಡು, ಪ್ರೊಜೆಕ್ಟರಿಗೇ ಇಟ್ಟೀವಿ."

"ಪ್ರೊಜೆಕ್ಟರು ಯಾವ ಕೆರೆ ಉಳಿಸ್ತು ಸಾರ್?"

ಯಾರೋ ಕಿಸಕ್ಕೆಂದರು. ಕೆಂಚಮ್ಮ ನನ್ನ ಸುತ್ತ ಕಟ್ಟಿದ್ದ ಹಗ್ಗ ದಾಟಿ ಬಂದು ಮಚ್ಚು ಹಿಡಿದೆಳೆದಳು. ಬರಲಿಲ್ಲ.

"ಒಳ್ಳೇ ಗೋಂದು ಹಾಕ್ಸೀವಿ, ಬರಲ್ಲ ಅದು!" ಪಾಲಾಕ್ಷಪ್ಪ ನಕ್ಕ.

ಬಿದಿರಿನವರ ಕಣ್ಣು ಮೊದಲು ಗೆಣ್ಣು ಹುಡುಕುತ್ತದೆ. ಅವಳ ಹೆಬ್ಬೆರಳು ನನ್ನ ಮಣಿಕಟ್ಟಿನ ಗೆರೆಯ ಮೇಲೆ ನಿಂತಿತು. ಬಲಕ್ಕೆ ತಿರುಗಿಸಿದಳು. ಎಡಕ್ಕವ್ವಾ, ಎಡಕ್ಕೆ! ಮಕ್ಬೂಲನ ದನಿಯಲ್ಲಿ ನಾನು ಒಳಗೊಳಗೇ ಕಿರುಚಿದೆ. ಎಡಕ್ಕೆ ತಿರುಗಿಸಿದಳು. ಕಟಕ್.

"ಏಯ್! ಕೈ ಭವನದ್ದು!"

"ನಿಮ್ಮ ಕೈ ನಂಗ್ಯಾಕ್ರಿ? ಕೇರಿಗೆ ಬರ್ರಿ, ಬಿಡಿಸ್ಕಂಡು ಹೋಗ್ರಿ. ಹೆಂಗೂ ಬರ್ತೀರಲ್ಲ, ಕತೇನೂ ಪೂರ್ತಿ ಕೇಳಿಸ್ಕಂಡು ಹೋಗೀರಂತೆ."

ಮಚ್ಚನ್ನು ನನ್ನ ಕೈ ಸಮೇತ ಸೆರಗಿನಲ್ಲಿ ಸುತ್ತಿಕೊಂಡು ಮುಂಬಾಗಿಲಿನಿಂದಲೇ ನಡೆದಳು. ಯಾರೂ ತಡೆಯಲಿಲ್ಲ. ಆಮೇಲೂ ಸಮಿತಿಯಿಂದ ಯಾರೊಬ್ಬರೂ ಕೇರಿಗೆ ಹೋಗಲಿಲ್ಲ. ಹೋದರೆ ಕತೆ ಕೇಳಬೇಕಾಗುತ್ತದಲ್ಲ!

ಈಗ ನಾನು ಭವನದ ಹಿಂದಿನ ಕೋಣೆಯಲ್ಲಿ, ಹರಿದ ಬ್ಯಾನರುಗಳ ನಡುವೆ ಇದ್ದೇನೆ. ಕಂದು ಬಣ್ಣ ಎದ್ದು ಒಳಗಿನ ಬಿಳಿ ಇಣುಕುತ್ತಿದೆ. ಕಸ ಗುಡಿಸಲು ಬರುವ ರುದ್ರೇಶಿ ಸುದ್ದಿ ಹೇಳುತ್ತಾನೆ. ಕೆಂಚಮ್ಮ ಗೋಂದು ಬಿಡಿಸುವ ಗೋಜಿಗೇ ಹೋಗಲಿಲ್ಲವಂತೆ. ಮಚ್ಚು ಹಿಡಿದ ನನ್ನ ಕೈಗೆ ಹಸಿರು ಬಳೆ ತೊಡಿಸಿ, ಎಲ್ಲರಿಗೂ ಕಾಣುವಂತೆ ಪಡಸಾಲೆಯ ಗೂಡಿನಲ್ಲಿ ಇಟ್ಟಿದ್ದಾಳಂತೆ. "ಯಾರ ಕೈ ಇದು?" ಎಂದು ಬಂದವರು ಕೇಳುತ್ತಾರೆ. ಅವಳು ಬುಟ್ಟಿ ಹೆಣೆಯುತ್ತಲೇ ಹೊನ್ನಜ್ಜಿಯಿಂದ ಶುರು ಮಾಡುತ್ತಾಳೆ.

ಮೊನ್ನೆ ಅನುದಾನದವರು ಮತ್ತೆ ಬಂದಿದ್ದರು. ಗೋಡೆಯಾಚೆಯಿಂದ ಅದೇ ದನಿ: "ಸಾರ್, ಹೇಳೋದೇನಪ್ಪಾ ಅಂದ್ರೆ, ಮೂಲ ವಸ್ತು ಕಳುವಾಗೈತಿ. ಹೊಸ ಗೊಂಬೆಗೆ ಸ್ವಲ್ಪ ಸಹಾಯ ಆಗ್ಬೇಕು." ಕಳ್ಳತನದ ಮಾತನ್ನು ಆಡುವವನು ಯಾರು ನೋಡಿ! ಅವರು ತಲೆಯಾಡಿಸಿದರೋ ಏನೋ, ಕುರ್ಚಿ ಸರಿಸಿದ ಸದ್ದಾಯಿತು. ಆಮೇಲೆ ಊಟದ ವಾಸನೆ ಬಂತು.

ನಾನು ನಗುಮುಖದಲ್ಲೇ ಹಲ್ಲು ಕಡಿಯುತ್ತ ನಿಂತಿದ್ದೇನೆ. ನನ್ನ ಮೊಂಡು ತೋಳು ಹಿಂದಿನ ಬಾಗಿಲಿನತ್ತ ಚಾಚಿಕೊಂಡಿದೆ. ಮೇದರ ಕೇರಿ ಇರುವುದು ಆ ಕಡೆಗೆ. ಈ ಊರಿನ ಕತೆ ಬೇಕಾದವರು ಇಲ್ಲಿ ಟಿಕೆಟ್ ಕೊಳ್ಳಬೇಡಿ. ಅತ್ತ ನಡೆಯಿರಿ.