ಗಾಜಿನ ಒಳಗಿನ ಮಂಜು

ಸೀತೂರಿನ ತಿಮ್ಮಪ್ಪ ಕಾರು ಕೊಂಡದ್ದು 2007ರ ಬೇಸಿಗೆಯಲ್ಲಿ. ಹಳೆಯ ಕಾರು, ಆದರೆ ಗಟ್ಟಿಮುಟ್ಟು. ಮಳೆಗಾಲ ಹಿಡಿಯುವವರೆಗೂ ಏನೂ ತೊಂದರೆಯಾಗಲಿಲ್ಲ. ಆಮೇಲೆ ಶುರುವಾಯಿತು. ಮೂರು ಜನ ಒಳಗೆ ಕೂತು ಗಾಜು ಏರಿಸಿದರೆ ಸಾಕು, ಐದೇ ನಿಮಿಷದಲ್ಲಿ ಮುಂದಿನ ಗಾಜು ಬೆಳ್ಳಗಾಗುತ್ತಿತ್ತು. ವೈಪರ್ ಹೊರಗೆ ಓಡುತ್ತಲೇ ಇತ್ತು, ಗಾಜು ಒಳಗಿನಿಂದ ಮುಚ್ಚಿಕೊಳ್ಳುತ್ತಿತ್ತು. ತಿಮ್ಮಪ್ಪ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದು ಕೈಯಲ್ಲಿ ಟವೆಲಿನಿಂದ ಒರೆಸುತ್ತಾ ಓಡಿಸುತ್ತಿದ್ದ. ನಮ್ಮ ಕಡೆ ಎಷ್ಟೋ ಜನ ಹೀಗೇ ಓಡಿಸುತ್ತಾರೆ.

ಸ್ಟೀರಿಂಗಿನ ಪಕ್ಕದಲ್ಲಿ ಮೂರು ನಾಬ್, ಒಂದು ಲಿವರ್, ಎ.ಸಿ. ಎಂದು ಬರೆದ ಒಂದು ಗುಂಡಿ ಇದ್ದವು. ಮಳೆ ಹಿಡಿದ ಮೇಲೆ ಅವನ್ನು ಮುಟ್ಟಲು ಮನೆಯಲ್ಲಿ ಯಾರಿಗೂ ಮನಸ್ಸಿರಲಿಲ್ಲ.

"ಎ.ಸಿ. ಹಾಕಿದ್ರೆ ಪೆಟ್ರೋಲ್ ಕುಡಿಯುತ್ತೆ" ಎನ್ನುತ್ತಿದ್ದ ತಿಮ್ಮಪ್ಪ.

"ಈ ಥಂಡೀಲಿ ಯಾರಾದ್ರೂ ಎ.ಸಿ. ಹಾಕ್ತಾರಾ?" ಎನ್ನುತ್ತಿದ್ದಳು ಹೆಂಡತಿ ವಸಂತಮ್ಮ.

ಜುಲೈ ತಿಂಗಳ ಒಂದು ಬೆಳಿಗ್ಗೆ. ಬಾಣಂತನಕ್ಕೆ ಬಂದಿದ್ದ ಮಗಳು ಕಾವ್ಯಳ ಎರಡೂವರೆ ತಿಂಗಳ ಕೂಸಿಗೆ ಕೊಪ್ಪದಲ್ಲಿ ಲಸಿಕೆ ಹಾಕಿಸಬೇಕಿತ್ತು. ಅಂಗಳದಿಂದ ಕಾರಿಗೆ ಬರುವಷ್ಟರಲ್ಲಿ ಎಲ್ಲರೂ ನೆನೆದರು. ಒದ್ದೆ ಕೊಡೆಗಳು ಕಾಲಡಿಯಲ್ಲೇ ಇದ್ದವು. ಕೂಸಿಗೆ ಗಾಳಿ ತಾಗಬಾರದೆಂದು ವಸಂತಮ್ಮ ಎಲ್ಲ ಗಾಜೂ ಏರಿಸಲು ಹೇಳಿದಳು.

ಅರ್ಧ ದಾರಿ ದಾಟಿದ ಮೇಲೆ ಒಂದು ತಿರುವು. ಗಾಜು ಪೂರ್ತಿ ಬೆಳ್ಳಗಾಗಿತ್ತು. ತಿಮ್ಮಪ್ಪ ಟವೆಲಿಗೆ ಕೈ ಹಾಕಿದ. ಒರೆಸಿದ ಅಂಗೈಯಗಲದ ಜಾಗದಲ್ಲಿ ಏಕಾಏಕಿ ಒಬ್ಬ ಮನುಷ್ಯ ಕಂಡ!

"ಅಪ್ಪಯ್ಯಾ!" ಎಂದು ಕಾವ್ಯ ಕೂಗಿದಳು.

ತಿಮ್ಮಪ್ಪ ಬ್ರೇಕ್ ಒತ್ತಿ ಸ್ಟೀರಿಂಗ್ ಎಳೆದ. ಕಾರು ಜಾರಿ ರಸ್ತೆ ಬದಿಯ ಮಣ್ಣಿನ ಧರೆಗೆ ಒರಗಿ ನಿಂತಿತು. ಕೂಸು ಚೀರಿತು. ಆ ಮನುಷ್ಯ ಚರಂಡಿಗೆ ಹಾರಿ ಬಿದ್ದಿದ್ದ.

ತಿಮ್ಮಪ್ಪ ಓಡಿಹೋಗಿ ನೋಡಿದರೆ ಅದು ರೇಣುಕಪ್ಪ. ಮೂವತ್ತು ವರ್ಷ ಕೊಪ್ಪದಲ್ಲಿ ಬಾಡಿಗೆ ಕಾರು ಓಡಿಸಿ, ಈಗ ಊರಿನಲ್ಲಿ ಕೂತವನು. ಮಂಡಿ ತರಚಿ ರಕ್ತ ಬರುತ್ತಿತ್ತು. ಮೈಯೆಲ್ಲ ಕೆಸರು.

"ರೇಣುಕಣ್ಣ, ನಾನು ನಿಮ್ಮನ್ನ ಕೊಂದೇ ಬಿಡ್ತಿದ್ದೆ" ಎಂದ ತಿಮ್ಮಪ್ಪ.

"ಕೊಂದಿಲ್ವಲ್ಲ ಮಾರಾಯ, ಮೊದ್ಲು ನನ್ನ ಎತ್ತು" ಎಂದ ರೇಣುಕಪ್ಪ. ಕುಂಟುತ್ತಾ ಬಂದು ಕಾರಿನ ಒಳಗೆ ಇಣುಕಿದ. ಕೂಸಿಗೆ ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡ. ಆಮೇಲೆ ಗಾಜು ನೋಡಿದ. "ಎಂತದು ಇದು? ಕಣ್ಣು ಕಟ್ಕೊಂಡು ಓಡಿಸ್ತಿದ್ಯಾ?"

"ಒರೆಸಿ ಒರೆಸಿ ಸಾಕಾಯ್ತು. ಹೊರಗಿನ ಮಂಜು ಹೆಂಗೆ ಒಳಗೆ ಬರುತ್ತೋ ಗೊತ್ತಿಲ್ಲ."

"ಹೊರಗಿಂದಲ್ಲ ಮಾರಾಯ, ಇದು ನೀವೇ ಬಿಟ್ಟ ಉಸಿರು, ನಿಮ್ಮ ಒದ್ದೆ ಬಟ್ಟೆಯ ಪಸೆ. ತಣ್ಣೀರು ತುಂಬಿದ ಚೊಂಬಿನ ಹೊರಗೆ ಹನಿ ಕೂರಲ್ವಾ? ಹಂಗೇ ತಣ್ಣಗಿರೋ ಗಾಜಿನ ಮೇಲೆ ಕೂರುತ್ತೆ. ಈ ಲಿವರ್ ನೋಡು, ಕಾರಿನ ಚಿತ್ರದೊಳಗೆ ಸುತ್ತೋ ಬಾಣ ಇದೆ. ಅಲ್ಲಿಟ್ರೆ ಒಳಗಿನ ಗಾಳೀನೇ ಸುತ್ತುತ್ತಾ ಇರುತ್ತೆ. ಪಸೆ ಹೋಗೋದು ಎಲ್ಲಿಗೆ?"

"ಬೇಸಿಗೇಲಿ ಧೂಳು ಬರ್ತದೆ ಅಂತ ಅಲ್ಲಿಗೆ ತಳ್ಳಿದ್ದೆ. ಮತ್ತೆ ಮುಟ್ಲೇ ಇಲ್ಲ."

"ಧೂಳಿದ್ದಾಗ, ಮುಂದೆ ಹೊಗೆ ಬಿಡೋ ಲಾರಿ ಇದ್ದಾಗ ಸ್ವಲ್ಪ ಹೊತ್ತಿಗೆ ಸರಿ. ಆಮೇಲೆ ವಾಪಸ್ ತಳ್ಳಬೇಕು."

ರೇಣುಕಪ್ಪ ಮುಂದಿನ ಸೀಟಿನಲ್ಲಿ ಕೂತ. ವಸಂತಮ್ಮ ಹಿಂದೆ ಹೋದಳು. ತಿಮ್ಮಪ್ಪ ಇಂಜಿನ್ ಶುರು ಮಾಡಿದ. ರೇಣುಕಪ್ಪ ಲಿವರನ್ನು ಹೊರಗಿನ ಗಾಳಿಯ ಕಡೆಗೆ ಎಳೆದ. ಗಾಳಿ ಮುಂದಿನ ಗಾಜಿಗೆ ಹೊಡೆಯುವಂತೆ ಒಂದು ನಾಬ್ ತಿರುಗಿಸಿದ. ಫ್ಯಾನ್ ಜೋರು ಮಾಡಿದ. ಇನ್ನೊಂದು ನಾಬನ್ನು ನೀಲಿಯಿಂದ ಕೆಂಪಿನ ಕಡೆಗೆ ತಂದ. ಕೊನೆಗೆ ಎ.ಸಿ. ಗುಂಡಿ ಒತ್ತಿದ.

"ಅಯ್ಯೋ, ಕೂಸಿಗೆ ಶೀತ ಆಗುತ್ತೆ!" ಎಂದಳು ವಸಂತಮ್ಮ.

"ಅತ್ತಿಗೆ, ಕೈ ಹಿಡಿದು ನೋಡಿ."

ವಸಂತಮ್ಮ ಮುಂದೆ ಬಾಗಿ ಗಾಳಿಗೆ ಕೈ ಹಿಡಿದಳು. "ಬೆಚ್ಚಗಿದೆ! ಎ.ಸಿ. ಹಾಕಿದ ಮೇಲೆ ಬೆಚ್ಚಗೆ ಹೆಂಗೆ?"

"ಎ.ಸಿ. ಗಾಳೀಲಿರೋ ಪಸೆ ಹೀರುತ್ತೆ. ಕೆಂಪು ಕಡೆ ಇಟ್ರೆ ಆ ಒಣ ಗಾಳಿ ಬಿಸಿಯಾಗಿ ಬರುತ್ತೆ. ಇಂಜಿನ್ನಿನ ಬಿಸಿನೀರಿಂದ ಬರೋ ಶಾಖ, ಅದಕ್ಕೆ ಬೇರೆ ಪೆಟ್ರೋಲ್ ಬೇಡ."

"ಎ.ಸಿ.ಗೆ ಬೇಕಲ್ಲ?" ಎಂದ ತಿಮ್ಮಪ್ಪ, ಸೋಲೊಪ್ಪದೆ.

"ಚೂರು ಬೇಕು. ಗಾಜು ತಿಳಿಯಾದ ಮೇಲೆ ಆರಿಸು, ಮತ್ತೆ ಮುಸುಕಿದ್ರೆ ಹಾಕು. ಎ.ಸಿ. ಇಲ್ಲದ ಗಾಡಿಯಾದ್ರೆ ಹೊರಗಿನ ಗಾಳಿ, ಬಿಸಿ, ಫ್ಯಾನು. ಜೊತೆಗೆ ಪಕ್ಕದ ಗಾಜು ಬೆರಳಷ್ಟು ಇಳಿಸು. ಆಗ್ಲೂ ಕಾಣದಿದ್ರೆ ಬದಿಗೆ ನಿಲ್ಸು. ಓಡಿಸ್ತಾ ಒರೆಸ್ಬೇಡ."

ಮಾತು ಮುಗಿಯುವಷ್ಟರಲ್ಲಿ ಗಾಜಿನ ಬುಡದಿಂದ ಮಂಜು ಕರಗತೊಡಗಿತ್ತು. ಒದ್ದೆಯಾದ ಇನ್ನೊಬ್ಬ ಒಳಗೆ ಕೂತಿದ್ದರೂ ಎರಡು ಮೂರು ನಿಮಿಷದಲ್ಲಿ ರಸ್ತೆ, ಧರೆ, ಮುಂದಿನ ತಿರುವು ಎಲ್ಲವೂ ಕಂಡವು.

ತಿಮ್ಮಪ್ಪ ಗೇರ್ ಹಾಕಲಿಲ್ಲ. "ರೇಣುಕಣ್ಣ, ನೀವೇ ಓಡಿಸಿ. ನನಗೆ ಧೈರ್ಯ ಇಲ್ಲ."

"ನನ್ನ ಮಂಡಿ ನೋಡು. ನೀನೇ ಓಡಿಸ್ಬೇಕು. ನಿಧಾನ ಹೋಗು, ನಾನಿದ್ದೀನಲ್ಲ."

ಕೊಪ್ಪ ತಲುಪಿದರು. ಆಸ್ಪತ್ರೆಯಲ್ಲಿ ರೇಣುಕಪ್ಪನ ಮಂಡಿಗೆ ಪಟ್ಟಿ ಕಟ್ಟಿದರು. ಲಸಿಕೆಗೆ ಸಾಲು ಇತ್ತು.

"ಹೀಟರ್ ಹಾಕಿ, ಗಾಜು ಏರಿಸಿ, ಕೂಸನ್ನ ಕಾರಲ್ಲೇ ಮಲಗಿಸಣ" ಎಂದಳು ವಸಂತಮ್ಮ. ಈಗ ಅವಳಿಗೆ ಹೀಟರ್ ಬಹಳ ಹಿಡಿಸಿತ್ತು.

ರೇಣುಕಪ್ಪನ ಮುಖ ಗಂಭೀರವಾಯಿತು. "ಅದೊಂದು ಮಾಡ್ಬೇಡಿ ಅತ್ತಿಗೆ. ನಿಂತ ಕಾರಲ್ಲಿ ಇಂಜಿನ್ ಓಡಿಸ್ತಾ ಮಲಗಬಾರದು. ಹೊಗೆಯಲ್ಲಿರೋ ವಿಷಗಾಳಿ ಒಳಗೆ ಸೇರಬಹುದು. ಅದಕ್ಕೆ ವಾಸನೆ ಇಲ್ಲ. ತಲೆ ಸುತ್ತುತ್ತೆ, ಮಂಪರು ಬರುತ್ತೆ, ಆಮೇಲೆ ಎಬ್ಬಿಸಿದ್ರೂ ಏಳಲ್ಲ. ಬಾಗಿಲು ಮುಚ್ಚಿದ ಶೆಡ್ಡಲ್ಲಂತೂ ಇಂಜಿನ್ ಶುರು ಮಾಡ್ಲೇಬಾರದು."

ವಸಂತಮ್ಮ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಆಸ್ಪತ್ರೆಯ ಜಗಲಿಯಲ್ಲೇ ಕೂತಳು.

ಲಸಿಕೆಯಾಯಿತು. ಮರಳುವಾಗಲೂ ಮಳೆ ಹಾಗೇ ಇತ್ತು. ಹೊರಡುವ ಮೊದಲು ತಿಮ್ಮಪ್ಪ ಕೊಡೆಗಳ ನೀರು ಕೊಡವಿ ಡಿಕ್ಕಿಯಲ್ಲಿಟ್ಟ. ಲಿವರ್, ನಾಬ್, ಗುಂಡಿಗಳನ್ನು ತಾನೇ ಒಂದೊಂದಾಗಿ ಸರಿಮಾಡಿಕೊಂಡ. ದಾರಿಯುದ್ದಕ್ಕೂ ಗಾಜು ತಿಳಿಯಾಗಿತ್ತು. ರಸ್ತೆಯ ಬದಿಯಲ್ಲಿ ಸೊಪ್ಪಿನ ಹೊರೆ ಹೊತ್ತ ಹೆಂಗಸರು ಕಂಡರು. ಕಂಬಳಿ ಕೊಪ್ಪೆ ಹೊದ್ದು ದನ ಅಟ್ಟಿಕೊಂಡು ಹೋಗುವ ಮುದುಕ ಕಂಡ. ಒಂದೇ ಕೊಡೆಯಡಿ ಮೂವರು ಶಾಲೆ ಹುಡುಗಿಯರು ಕಂಡರು. ತಿಮ್ಮಪ್ಪ ದೂರದಿಂದಲೇ ವೇಗ ತಗ್ಗಿಸಿದ.

"ಈ ರೋಡಲ್ಲಿ ಇಷ್ಟು ಜನ ನಡೀತಾರಾ?" ಎಂದ ಮೆಲ್ಲಗೆ. "ಈ ಮಳೆಗಾಲ ಪೂರ್ತಿ ನಾನು ಒಬ್ಬರನ್ನೂ ನೋಡಿರಲಿಲ್ಲ."

ಓದುಗರೇ, ನಿಮ್ಮ ಮನೆಯಲ್ಲೂ ಕಾರೋ ಜೀಪೋ ಇರಬಹುದು. ಇವತ್ತೇ ಗಾಡಿ ನಿಲ್ಲಿಸಿದಲ್ಲೇ ಕೂತು, ಆ ನಾಬು ಗುಂಡಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ. ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೊಡೆಯುತ್ತದೆ, ಬಿಸಿಯೋ ತಣ್ಣಗೋ ತಿಳಿದುಕೊಳ್ಳಿ. ಗೊತ್ತಾಗದಿದ್ದರೆ ಗೊತ್ತಿರುವವರನ್ನು ಕೇಳಿ, ನಾಚಿಕೆ ಬೇಡ. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಹೇಳಿಕೊಡಿ. ಗಾಜು ತಿಳಿಯಾಗದೆ ಗಾಡಿ ಕದಲಿಸಬೇಡಿ. ಈ ಮಳೆಯಲ್ಲೂ ರಸ್ತೆಯ ಬದಿಯಲ್ಲಿ ಯಾರೋ ನಡೆಯುತ್ತಿದ್ದಾರೆ. ಅವರು ನಿಮ್ಮ ಕಣ್ಣಿಗೆ ಕಾಣಲೇಬೇಕು.